ಮಳೆಗೆ ಬೋಳಾದ ಪಾತಿ, ಕೈಯಲ್ಲಿ 70 ದಿನ: ಈಗ ಬಿತ್ತಿದರೆ ಯಾವ ಹೂ ಬಂದೀತು?

ಖಾಲಿಪಾತಿ (ಚಿಕ್ಕಮಗಳೂರು), 28 ಸೆಪ್ಟೆಂಬರ್
ಎಲ್ಲರಿಗೂ ನಮಸ್ಕಾರ. ಮನೆ ಮುಂದೆ 20 ಅಡಿ ಉದ್ದ, 4 ಅಡಿ ಅಗಲದ ಹೂವಿನ ಪಾತಿ ಇದೆ. ಮೇ ತಿಂಗಳಲ್ಲಿ ಡೇರೆ (ಡೇಲಿಯಾ) ಗೆಡ್ಡೆ, ಸಾಲ್ವಿಯಾ, ಆಸ್ಟರ್ ಹಾಕಿದ್ದೆ. ಗೌರಿ ಹಬ್ಬದವರೆಗೆ ದಾರಿಯಲ್ಲಿ ಹೋಗುವವರು ನಿಂತು ನೋಡುವ ಹಾಗಿತ್ತು. ಆಮೇಲೆ ಒಂದೊಂದೇ ಗಿಡ ಮಲಗಿತು. ಈಗ ಅಜ್ಜಿಯ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು ನಿಂತಿವೆ.

ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ. ಡಿಸೆಂಬರ್ 7ಕ್ಕೆ ಮಗುವಿನ ನಾಮಕರಣ ನಮ್ಮ ಮನೆಯಲ್ಲೇ. ಅಷ್ಟರೊಳಗೆ ಪಾತಿ ತುಂಬಬೇಕು. ನರ್ಸರಿಯಿಂದ ಹೂ ಬಿಟ್ಟ ಕುಂಡ ತಂದು ಸಾಲಾಗಿ ಇಟ್ಟರೆ ಆಯ್ತಲ್ಲ ಅಂದರೆ ಅಮ್ಮ ಒಪ್ಪುತ್ತಿಲ್ಲ. "ಬಾಡಿಗೆ ಹೂ ಬೇಡ" ಅನ್ನುತ್ತಾರೆ. ಬೀಜ ಹಾಕಿಯೇ ಆಗಬೇಕು. ಇಷ್ಟು ತಡವಾಗಿ ಬಿತ್ತಿದರೆ ಯಾವುದು ಬಂದೀತು?

ಬಾಲ್ಕನಿರಾಣಿ (ಬೆಂಗಳೂರು, ತವರು ಹಾಸನ)
ಪಿಟೂನಿಯಾ ಹಾಕಿ. ಬಣ್ಣ ನೋಡಲು ಎರಡು ಕಣ್ಣು ಸಾಲದು.

ಹಾಳೆಟೋಪಿ (ಕೊಪ್ಪ)
ಪಿಟೂನಿಯಾ ಬೀಜ ಹಾಕಿದರೆ ನಾಮಕರಣಕ್ಕಲ್ಲ, ಮಗು ಬೋರಲು ಬೀಳುವ ಹೊತ್ತಿಗೆ ಹೂ ಬರುತ್ತದೆ ಮಾರಾಯ್ರೆ. ಬೀಜ ಧೂಳಿನ ಹಾಗೆ ಸಣ್ಣದು. ಮೊಳೆಯಲು ಹತ್ತು ಹದಿನಾಲ್ಕು ದಿನ, ಹೂವಿಗೆ ಹತ್ತರಿಂದ ಹನ್ನೆರಡು ವಾರ. ಅದರ ಮೇಲೆ ಹಸ್ತ ಮಳೆಯ ನಾಲ್ಕು ಹನಿ ಬಿದ್ದರೆ ಬೀಜ ಮೋರಿಯಲ್ಲಿ.

ಬಾಲ್ಕನಿರಾಣಿ
ಸರಿ, ಸರಿ. ನಾನು ಯಾವಾಗಲೂ ಸಸಿ ತಂದೇ ನೆಟ್ಟಿದ್ದು. ಬೀಜದ ಲೆಕ್ಕ ಗೊತ್ತಿರಲಿಲ್ಲ.

ಒಟ್ಲುಮನೆ (ಚನ್ನರಾಯಪಟ್ಟಣ)
ಮೊದಲು ದಿನ ಎಣಿಸಿ, ಹೂ ಆಮೇಲೆ ಆರಿಸಿ. ನಿಮ್ಮ ಹತ್ತಿರ ಇರುವುದು 70 ದಿನ. ನೆಲ ಹದ ಮಾಡಲು ಒಂದು ವಾರ ಹೋಗುತ್ತದೆ. ಮೋಡ, ಚಳಿ ಅಂತ ಇನ್ನೊಂದು ವಾರ ಕಳೆಯಿರಿ. ಉಳಿಯುವುದು 56. ಅದರೊಳಗೆ ಬರುವುದು ಇಷ್ಟೇ: ಗಿಡ್ಡ ಚೆಂಡು ಹೂ (45-50 ದಿನ), ಜಿನ್ನಿಯಾ (50-60), ಕಿತ್ತಳೆ ಬಣ್ಣದ ಕಾಸ್ಮೋಸ್ (50-60), ಕರ್ಣಕುಂಡಲ (ಸುಮಾರು ಎಂಟು ವಾರ). ದೊಡ್ಡ ಚೆಂಡು ಹೂವಿಗೆ 60-70 ದಿನ ಬೇಕು, ಅದು ಜೂಜು. ಸಾಲ್ವಿಯಾ, ಆಸ್ಟರ್ ಮರೆತುಬಿಡಿ. ಆಸ್ಟರಿಗೆ ಮೂರು ತಿಂಗಳು ದಾಟುತ್ತದೆ.

ನಾನು ಹೋದ ವರ್ಷ ಇದೇ ತಪ್ಪು ಮಾಡಿದ್ದೆ. ದೀಪಾವಳಿಗೆ ಅಂತ ಆಗಸ್ಟ್ ಕೊನೆಯಲ್ಲಿ ಆಸ್ಟರ್ ಬಿತ್ತಿ, ಸಂಕ್ರಾಂತಿಗೆ ಹೂ ಕೊಯ್ದೆ.

ಕಾಫಿಗಿಡ (ಮೂಡಿಗೆರೆ)
ಗೌರಿ ಹೂ ಹಾಕಿ. ಬೇಗ ಬರುತ್ತದೆ, ನೆರಳಲ್ಲೂ ಆಗುತ್ತದೆ.

ಹಾಳೆಟೋಪಿ
ಯಾವ ಗೌರಿ ಹೂ? ನಮ್ಮ ಕಡೆ ಗೌರಿ ಹೂ ಅಂದರೆ ಬೇಲಿಗೆ ಹಬ್ಬುವ ಅಗ್ನಿಶಿಖೆ. ಕೆಂಪು ಹಳದಿ, ಬೆಂಕಿ ಹತ್ತಿದ ಹಾಗೆ. ಅದರ ಗೆಡ್ಡೆ ವಿಷ. ಬಾಣಂತಿ, ಮಗು ಇರುವ ಮನೆಗೆ ಇದನ್ನು ಹೇಳುತ್ತೀರಲ್ಲ!

ಕಾಫಿಗಿಡ
ಅಯ್ಯೋ, ಅದಲ್ಲ. ನಾನು ಹೇಳಿದ್ದು ಕರ್ಣಕುಂಡಲ. ಕಾಯಿ ಮುಟ್ಟಿದರೆ ಪಟ್ ಅಂತ ಸಿಡಿಯುತ್ತದಲ್ಲ, ಅದು. ನಮ್ಮ ಅತ್ತೆ ಅದಕ್ಕೂ ಗೌರಿ ಹೂ ಅನ್ನುತ್ತಾರೆ.

ಖಾಲಿಪಾತಿ
ಸಿಡಿಯುವ ಹೂ ಗೊತ್ತು! ಶಾಲೆಗೆ ಹೋಗುವಾಗ ಕಾಯಿ ಒಡೆದು ಬೈಸಿಕೊಂಡಿದ್ದೇವೆ. ಪಟ್ಟಿಗೆ ಸೇರಿಸಿದೆ.

ತೆಂಗಿನಗರಿ (ಅರಸೀಕೆರೆ)
ಎಲ್ಲರೂ ಬೀಜದ ಹಿಂದೆ ಬಿದ್ದಿದ್ದೀರಿ. ಹಳೆ ಗಿಡ ಯಾಕೆ ಸತ್ತಿತು ಅಂತ ಒಬ್ಬರೂ ಕೇಳಲಿಲ್ಲ. ಕಾರಣ ಅಲ್ಲೇ ಕೂತಿದ್ದರೆ ಹೊಸ ಗಿಡವನ್ನೂ ತಿನ್ನುತ್ತದೆ. ಸಾಯುತ್ತಿರುವ ಒಂದು ಗಿಡ ಕಿತ್ತು ಬೇರು ನೋಡಿ ಹೇಳಿ.

ಕಾಫಿಗಿಡ
ನೋಡುವುದೇನು, ಗೊಣ್ಣೆ ಹುಳು. ಹಸಿ ಗೊಬ್ಬರ ಹಾಕಿರುತ್ತಾರೆ, ಬಂದಿರುತ್ತದೆ. ಗೊಬ್ಬರದ ಗುಂಡಿ ಕೆದಕಿದರೆ ಹೆಬ್ಬೆರಳು ಗಾತ್ರದವು ಸಿಗುತ್ತವೆ.

ತೆಂಗಿನಗರಿ
ತಿಪ್ಪೆಯಲ್ಲಿ ಸಿಗುವ ಹೆಬ್ಬೆರಳು ಗಾತ್ರದ್ದು ಹೆಚ್ಚಾಗಿ ಕುರುವಾಯಿ ದುಂಬಿಯ ಮರಿ. ಅದು ಕೊಳೆತ ಗೊಬ್ಬರ ತಿಂದುಕೊಂಡು ಇರುತ್ತದೆ, ಹೂ ಗಿಡದ ಬೇರಿಗೆ ಬರುವುದಿಲ್ಲ. ದೊಡ್ಡದಾಗಿ ರೆಕ್ಕೆ ಬಂದ ಮೇಲೆ ನಮ್ಮ ತೆಂಗಿನ ಸುಳಿ ಕೊರೆಯುತ್ತದೆ, ಆ ಕಥೆ ಬೇರೆ. ಬೇರು ತಿನ್ನುವ ಗೊಣ್ಣೆ ಹುಳು ಬೇರೆ ಜಾತಿ. ನೋಡಲು ಎರಡೂ ಬಿಳಿ, ಎರಡೂ ಮುದುರಿ ಮಲಗುತ್ತವೆ. ಅದಕ್ಕೇ ಹುಳು ನೋಡಬೇಡಿ, ಬೇರು ನೋಡಿ ಅಂದೆ. ಬೇರು ಕತ್ತರಿಸಿದ ಹಾಗಿದ್ದರೆ ಹುಳು. ಕಂದಾಗಿ ಮೆತ್ತಗಾಗಿ ನಾತ ಹೊಡೆದರೆ ನೀರು.

ಖಾಲಿಪಾತಿ, 29 ಸೆಪ್ಟೆಂಬರ್
ಬೆಳಿಗ್ಗೆ ಮೂರು ಗಿಡ ಕಿತ್ತೆ. ಕೀಳುವುದೇನು, ಹಿಡಿದ ಕೂಡಲೇ ಕೈಗೆ ಬಂತು. ಬೇರು ಕಂದು, ಸಿಪ್ಪೆ ಜಾರುತ್ತದೆ. ನಾತ ಚರಂಡಿಯದ್ದೇ. ಹುಳು ಒಂದೂ ಇಲ್ಲ. ಡೇರೆ ಗೆಡ್ಡೆ ಎರಡು ಬೇಯಿಸಿದ ಗೆಣಸಿನ ಹಾಗೆ ಆಗಿವೆ.

ತೆಂಗಿನಗರಿ
ಹಾಗಾದರೆ ನೀರು ನಿಲ್ಲುತ್ತಿದೆ. ಒಂದು ಅಡಿ ಗುಂಡಿ ತೋಡಿ, ಸಂಜೆ ನೀರು ತುಂಬಿಸಿ. ಬೆಳಿಗ್ಗೆಯೂ ನೀರು ಇದ್ದರೆ ಅಲ್ಲಿ ಬೀಜ ಹಾಕುವುದು ವ್ಯರ್ಥ. ಈ ವರ್ಷ ಪಾತಿಯ ಸುತ್ತಮುತ್ತ ಏನಾದರೂ ಕಟ್ಟಿಸಿದಿರಾ?

ಖಾಲಿಪಾತಿ
ಏಪ್ರಿಲ್‌ನಲ್ಲಿ ಪಾತಿಯ ಪಕ್ಕ ಸಿಮೆಂಟ್ ದಾರಿ ಮಾಡಿಸಿದೆವು. ಈಗ ನೋಡಿದರೆ ಅದು ಪಾತಿಗಿಂತ ಮೂರು ಇಂಚು ಎತ್ತರ. ಇಷ್ಟು ದಿನ ಅದರ ಮೇಲೇ ಓಡಾಡಿದ್ದೇನೆ, ಹೊಳೆದಿರಲಿಲ್ಲ.

ತೆಂಗಿನಗರಿ
😀

ಜಡಿಮಳೆ (ಸಕಲೇಶಪುರ)
ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವುದು ಇದಕ್ಕೇ. ಇಳಿಜಾರು ಇರುವ ಕಡೆಗೆ ಅರ್ಧ ಅಡಿ ಆಳದ ಕಾಲುವೆ ತೆಗೆದು, ಆ ಮಣ್ಣನ್ನೇ ಪಾತಿಯ ಮೇಲೆ ಎರಚಿ. ಪಾತಿ ದಾರಿಗಿಂತ ನಾಲ್ಕು ಬೆರಳಾದರೂ ಮೇಲೆ ಇರಬೇಕು. ನಮ್ಮ ಮಣ್ಣಿನಲ್ಲಿ ಹುಳಿ ಜಾಸ್ತಿ, ಒಂದೆರಡು ಹಿಡಿ ಸುಣ್ಣವನ್ನೂ ಬೆರೆಸಿ. ಗೊಬ್ಬರ ಹಾಕುವುದಾದರೆ ಹಳೆಯದು ಮಾತ್ರ. ಕಾಫಿ ಸಿಪ್ಪೆ ಪುಕ್ಕಟೆ ಸಿಗುತ್ತದೆ ಅಂತ ಹಸಿಯದ್ದು ತಂದು ಸುರಿಯಬೇಡಿ. ಕೊಳೆಯುವಾಗ ಅದು ಕಾಯುತ್ತದೆ, ಎಳೆ ಬೇರು ಸುಟ್ಟುಹೋಗುತ್ತದೆ.

ಆನೆದಾರಿ (ಆಲೂರು)
ನಿಮಗೆ ನೀರಿನ ಕಾಟ. ನಮಗೆ ಮೊನ್ನೆ ರಾತ್ರಿ ಆನೆ ಬಂದು ಬಾಳೆ, ಬೇಲಿ, ಹೂವಿನ ಪಾತಿ ಎಲ್ಲ ಒಂದೇ ಸಲ ಹದ ಮಾಡಿಕೊಟ್ಟಿತು.

ಜಡಿಮಳೆ
ಕೂಲಿ ಕೊಟ್ಟಿರಾ ಅಣ್ಣ?

ಆನೆದಾರಿ
ಬಾಳೆಗೊನೆ ತೆಗೆದುಕೊಂಡು ಹೋಗಿದೆಯಲ್ಲ.

ಬೆಳಗಿನಬೆಲ್ (ಹಾಸನ)
ದುಡ್ಡು ಕೊಟ್ಟು ಬೀಜ ತರುವುದು ಯಾಕೆ? ಆಯುಧ ಪೂಜೆ ಆದ ಮೇಲೆ ಗಾಡಿಗೆ, ಬಾಗಿಲಿಗೆ ಕಟ್ಟಿದ ಚೆಂಡು ಹೂವಿನ ಹಾರ ಒಣಗಿಸಿ ಉದುರಿಸಿದರೆ ಆಯ್ತು. ನಮ್ಮ ಶಾಲೆಯಲ್ಲಿ ಮಕ್ಕಳ ಕೈಲಿ ಪ್ರತಿ ವರ್ಷ ಹಾಗೇ ಮಾಡಿಸುತ್ತೇನೆ.

ಒಟ್ಲುಮನೆ
ಟೀಚರ್, ಎಷ್ಟು ಹುಟ್ಟುತ್ತವೆ ಅಂತ ಎಣಿಸಿದ್ದೀರಾ? ಹಾರಕ್ಕೆ ಹೂ ಕೊಯ್ಯುವುದು ಬೀಜ ಬಲಿಯುವ ಮೊದಲು. ಜೊತೆಗೆ ಈಗ ಮಾರ್ಕೆಟ್ಟಿಗೆ ಬರುವುದು ಬಹುಪಾಲು ಹೈಬ್ರಿಡ್. ಒಳಗೆ ಕಪ್ಪಗೆ ಕಡ್ಡಿ ಕಂಡರೂ ಅರ್ಧಕ್ಕರ್ಧ ಜೊಳ್ಳು. ಉಳಿದದ್ದು ಹುಟ್ಟಿದರೂ ತಾಯಿಯ ಹಾಗೆ ದುಂಡಗೆ ಬರುವುದಿಲ್ಲ. ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರಲ್ಲಿ ಐದೇ ಎಸಳು.

ಬೆಳಗಿನಬೆಲ್
ಐದು ಎಸಳಿನದ್ದೂ ಹೂವೇ ಅಲ್ವಾ ಸರ್? ನಮ್ಮ ಮಕ್ಕಳಿಗೆ ಅದೇ ಇಷ್ಟ, ಚಿಟ್ಟೆ ಅದರ ಮೇಲೇ ಕೂರುತ್ತದೆ. ಆದರೂ ನಿಮ್ಮ ಮಾತು ಒಪ್ಪುತ್ತೇನೆ. ದಿನ ಗೊತ್ತಾದ ಸಮಾರಂಭಕ್ಕೆ ಹಾರದ ಬೀಜ ನಂಬುವುದು ಕಷ್ಟ. ಬೇಕೇ ಬೇಕೆಂದರೆ ಅಂಗೈ ಮೇಲೆ ಹಾಕಿ ನೋಡಿ. ಬುಡ ಕಪ್ಪಗೆ ದಪ್ಪಗೆ ಇದ್ದು, ಉಗುರಲ್ಲಿ ಒತ್ತಿದರೆ ಗಟ್ಟಿ ಅನಿಸಿದ್ದು ಇಡಿ. ಚಪ್ಪಟೆ ಆದದ್ದು ಎಸೆಯಿರಿ.

ಕಡೂರುಹೊಲ (ಕಡೂರು)
ನಾವು ಬಣ್ಣ ತೆಗೆಯುವವರಿಗೆ ಚೆಂಡು ಹೂ ಬೆಳೆದು ಕೊಡುತ್ತೇವೆ. ಒಂದು ಮಾತು ಕೇಳಿ: ಸಸಿ ಅರ್ಧ ಅಡಿ ಆದಾಗ ಕುಡಿ ಚಿವುಟಿ. ಕವಲು ಒಡೆದು ಒಂದು ಗಿಡದಲ್ಲಿ ಮೂರು ಗಿಡದ ಹೂ ಬರುತ್ತದೆ.

ಒಟ್ಲುಮನೆ
ಹೊಲಕ್ಕೆ ಸರಿ. ಇವರಿಗೆ ಬೇಡ. ಚಿವುಟಿದರೆ ಮೊದಲ ಹೂ ಎರಡು ವಾರ ಹಿಂದೆ ಬೀಳುತ್ತದೆ. ಅಷ್ಟು ದಿನ ಇವರ ಹತ್ತಿರ ಇಲ್ಲ.

ಕಡೂರುಹೊಲ
ಎರಡು ವಾರ ಏನೂ ಆಗಲ್ಲ, ಹತ್ತು ದಿನ.

ಒಟ್ಲುಮನೆ
ಹತ್ತು ದಿನವೂ ಇಲ್ಲ. ಚಿವುಟುವ ಬದಲು ಒತ್ತಾಗಿ ನೆಡಲಿ. ಹೊಲದಲ್ಲಿ ಒಂದೂವರೆ ಅಡಿ ಬಿಡುತ್ತೀರಿ, ಇಲ್ಲಿ ಮುಕ್ಕಾಲು ಅಡಿ ಸಾಕು. ತಡವಾಗಿ ಬಿತ್ತಿದ ಗಿಡ ಹೇಗೂ ಗಿಡ್ಡವಾಗೇ ಉಳಿಯುತ್ತದೆ, ಹೂ ಮಾತ್ರ ಅವಸರ ಮಾಡುತ್ತದೆ. ಕಾಸ್ಮೋಸ್ ಅಂತೂ ಜೂನಿನಲ್ಲಿ ಬಿತ್ತಿದರೆ ಆಳೆತ್ತರ ಹೋಗಿ ಆಮೇಲೆ ಹೂ ಬಿಡುತ್ತದೆ, ಅಕ್ಟೋಬರಿನಲ್ಲಿ ಬಿತ್ತಿದರೆ ಮಂಡಿ ಎತ್ತರದಲ್ಲೇ ಶುರು. ಹಗಲು ಚಿಕ್ಕದಾಗುತ್ತಾ ಬಂದಿದ್ದು ಅದಕ್ಕೆ ಗೊತ್ತಾಗುತ್ತದೆ.

ಬಾಲ್ಕನಿರಾಣಿ
ನಮ್ಮ ಕಡೆ ಹಗಲು ಎಲ್ಲಿ ಚಿಕ್ಕದಾಗುತ್ತದೆ? ಅದೆಲ್ಲ ವಿದೇಶದಲ್ಲಿ.

ಬೆಳಗಿನಬೆಲ್
ಇಲ್ಲೂ ಆಗುತ್ತದೆ ಮೇಡಂ. ಜೂನಿಗೂ ಡಿಸೆಂಬರಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ನಮಗೆ ತಿಳಿಯುವುದಿಲ್ಲ, ಸೇವಂತಿಗೆಗೆ ತಿಳಿಯುತ್ತದೆ. ದೊಡ್ಡಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬಾ ಬಲ್ಬ್ ಉರಿಯುವುದು ನೋಡಿಲ್ವಾ? ಇನ್ನೂ ಹಗಲು ದೊಡ್ಡದಿದೆ ಅಂತ ಸೇವಂತಿಗೆಗೆ ಮೋಸ ಮಾಡುವುದು ಅದು. ಹೂ ತಡವಾಗಲಿ, ಗಿಡ ಬೆಳೆಯಲಿ ಅಂತ.

ಕಾಫಿಗಿಡ
ಈಗ ಅರ್ಥವಾಯಿತು! ನಮ್ಮ ಗೇಟಿನ ಹತ್ತಿರ, ಬೀದಿ ದೀಪದ ಕೆಳಗಿನ ಸೇವಂತಿಗೆ ಮೂರು ವರ್ಷದಿಂದ ಸರಿಯಾಗಿ ಹೂ ಬಿಡುತ್ತಿಲ್ಲ. ಹಿತ್ತಲಲ್ಲಿ ಅದರದ್ದೇ ಮರಿ ನೆಟ್ಟಿದ್ದು ಗಿಡ ಬಗ್ಗುವಷ್ಟು ಬಿಡುತ್ತದೆ. ಅತ್ತೆ ಕಣ್ಣು ಬಿದ್ದಿದೆ ಅಂತ ಮೆಣಸಿನಕಾಯಿ ಇಳಿ ತೆಗೆದಿದ್ದರು.

ಹಾಳೆಟೋಪಿ
ದೀಪಕ್ಕೆ ಇಳಿ ತೆಗೆಯಬೇಕಿತ್ತು.

ಖಾಲಿಪಾತಿ, 1 ಅಕ್ಟೋಬರ್
ಬಸಿಗಾಲುವೆ ಆಯಿತು. ಗುಂಡಿ ಪರೀಕ್ಷೆಯೂ ಮಾಡಿದೆ. ಮೊದಲ ದಿನ ಬೆಳಿಗ್ಗೆಗೂ ನೀರು ಇತ್ತು, ಕಾಲುವೆ ತೆಗೆದ ಮೇಲೆ ರಾತ್ರಿ ಮಲಗುವಷ್ಟರಲ್ಲಿ ಖಾಲಿ. ಗಿಡ್ಡ ಚೆಂಡು, ಜಿನ್ನಿಯಾ, ಕಾಸ್ಮೋಸ್ ಬೀಜ ತಂದೆ. ಕರ್ಣಕುಂಡಲ ಪಕ್ಕದ ಮನೆ ಆಂಟಿ ಒಂದು ಲೋಟ ಕೊಟ್ಟರು. ಈಗ ನೇರ ಪಾತಿಗೇ ಹಾಕಲೋ, ಬೇರೆ ಕಡೆ ಸಸಿ ಮಾಡಿ ನೆಡಲೋ?

ಹಾಳೆಟೋಪಿ
ನೇರ ಹಾಕಬೇಡಿ. ಹಳೆ ಗಿಡಗಳ ಮಧ್ಯೆ ಬಿತ್ತಿದ ಬೀಜ ಅವುಗಳ ನೆರಳಲ್ಲೇ ಉದ್ದಕ್ಕೆ ಎಳೆದು ಬೀಳುತ್ತದೆ. ಮೊಳಕೆ ಬಂದ ರಾತ್ರಿಯೇ ಬಸವನ ಹುಳಕ್ಕೆ ಊಟ. ಬಾಳೆ ಪಟ್ಟೆ ಸುತ್ತಿ ಸಣ್ಣ ಕೊಟ್ಟೆ ಮಾಡಿ, ಮಣ್ಣು, ಗೊಬ್ಬರ, ಮರಳು ತುಂಬಿ, ಒಂದಕ್ಕೆ ಎರಡು ಬೀಜ. ಮೇಲೆ ಅಡಿಕೆ ಹಾಳೆ ಓರೆಯಾಗಿ ಇಟ್ಟರೆ ಮಳೆ ಹೊಡೆತ ತಾಗುವುದಿಲ್ಲ. ಮೂರು ವಾರದ ಸಸಿಯನ್ನು ಕೊಟ್ಟೆ ಸಮೇತ ಹುಗಿದುಬಿಡಿ. ಜಿನ್ನಿಯಾಕ್ಕೆ ಬೇರು ಅಲ್ಲಾಡಿಸಿದರೆ ಸಿಟ್ಟು, ಅದಕ್ಕೆ ಕೊಟ್ಟೆ ಬೇಕೇ ಬೇಕು. ಚೆಂಡು ಹೂವಿಗೆ ಹೇಗೆ ಕಿತ್ತು ನೆಟ್ಟರೂ ನಡೆಯುತ್ತದೆ, ನಮ್ಮೂರ ಹುಡುಗರ ಹಾಗೆ. ಎಲ್ಲಿ ಬಿಟ್ಟರೂ ಬದುಕುತ್ತದೆ.

ಸಿಟಿಯಲ್ಲಿ ಬಾಳೆ ಪಟ್ಟೆ ಸಿಗದಿದ್ದರೆ ಪ್ರೋಟ್ರೇ (ಸಸಿ ಬೆಳೆಸುವ ಗುಳಿಗಳ ತಟ್ಟೆ) ತನ್ನಿ. ಹಾಲಿನ ಪ್ಯಾಕೆಟ್ಟೂ ಆಗುತ್ತದೆ, ಬುಡದಲ್ಲಿ ತೂತು ಮಾಡಿ, ನೆಡುವಾಗ ಹರಿದು ತೆಗೆಯಿರಿ.

ಖಾಲಿಪಾತಿ
ಬಸವನ ಹುಳ ನಿಜಕ್ಕೂ ಇದೆ. ಉಪ್ಪು ಹಾಕಲಾ?

ಜಡಿಮಳೆ
ಪಾತಿಯೊಳಗೆ ಉಪ್ಪು ಹಾಕಬೇಡಿ, ಹುಳದ ಜೊತೆ ಮಣ್ಣೂ ಹಾಳು. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ ಇಡಿ. ಬೆಳಿಗ್ಗೆ ಎತ್ತಿದರೆ ಎಲ್ಲ ಅಲ್ಲೇ ಸಭೆ ಸೇರಿರುತ್ತವೆ. ಬಕೆಟ್ಟಿನ ಉಪ್ಪು ನೀರಿಗೆ ಹಾಕಿ. ಮೊದಲ ಎರಡು ವಾರ ಒಂದು ದಿನವೂ ತಪ್ಪಿಸಬೇಡಿ.

ಬೆಳಗಿನಬೆಲ್
ಒಂದು ವಿಷಯ ಹೇಳಲೇಬೇಕು. ಡೇರೆ, ಚೆಂಡು ಹೂ, ಜಿನ್ನಿಯಾ, ಕಾಸ್ಮೋಸ್, ನಾಲ್ಕೂ ಮೆಕ್ಸಿಕೋ ಕಡೆಯಿಂದ ಬಂದವು. ನಮ್ಮ ಅಜ್ಜಿಯಂದಿರ ಅಂಗಳದ ಹೂ ಅಂತ ನಾವು ಅಂದುಕೊಂಡಿರುವುದು! ಇನ್ನೊಂದು: 2016ರ ಜನವರಿಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಜಿನ್ನಿಯಾ ಅರಳಿತು. ಅದಕ್ಕೆ ಮೊದಲು ಅಲ್ಲೂ ನೀರು ಜಾಸ್ತಿಯಾಗಿ ಎಲೆಗೆ ಬೂಷ್ಟು ಹಿಡಿದಿತ್ತು.

ಖಾಲಿಪಾತಿ
ಅವರಿಗೇ ಹಾಗಾದರೆ ನಾನು ಸಿಮೆಂಟ್ ದಾರಿ ಹಾಕಿಸಿದ್ದು ತಪ್ಪೇ ಅಲ್ಲ ಬಿಡಿ.

ತೆಂಗಿನಗರಿ
ಅವರು ಮೂರು ಇಂಚು ಎತ್ತರ ಕಟ್ಟಿಸಿರಲಿಲ್ಲ.

ಖಾಲಿಪಾತಿ, 26 ಅಕ್ಟೋಬರ್
ಸಸಿಗಳನ್ನು ನೆಟ್ಟಾಯಿತು. ಚೆಂಡು 40, ಜಿನ್ನಿಯಾ 22, ಕಾಸ್ಮೋಸ್ 15, ಕರ್ಣಕುಂಡಲ ಎಣಿಸಲಿಲ್ಲ. ನವಿಲು ಬಂದು ಆರು ಕಾಸ್ಮೋಸಿನ ತಲೆ ಕುಕ್ಕಿದೆ. ಜಿನ್ನಿಯಾ ಎಲೆಯ ಮೇಲೆ ಬಿಳಿ ಪುಡಿಯ ಹಾಗೆ ಕಾಣುತ್ತಿದೆ.

ಒಟ್ಲುಮನೆ
ಬೂದಿ ರೋಗ. ಇಬ್ಬನಿ ಬೀಳುವ ಕಾಲಕ್ಕೆ ಜಿನ್ನಿಯಾಕ್ಕೆ ಅದು ಬಂದೇ ಬರುತ್ತದೆ. ಕೆಳಗಿನ ನಾಲ್ಕು ಎಲೆ ಕಿತ್ತು ದೂರ ಎಸೆಯಿರಿ. ನೀರು ಬುಡಕ್ಕೆ ಮಾತ್ರ, ಅದೂ ಬೆಳಿಗ್ಗೆ. ಹುಳಿ ಮಜ್ಜಿಗೆಗೆ ಹತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿ. ನನಗೆ ಕೆಲಸ ಮಾಡಿದೆ. ಜಿನ್ನಿಯಾವನ್ನು ಮಾತ್ರ ಒತ್ತಾಗಿ ನೆಡಬಾರದಿತ್ತು, ಅದನ್ನು ನಾನೇ ಹೇಳಲು ಮರೆತೆ.

ಕಡೂರುಹೊಲ
ಕುಡಿ ಚಿವುಟಿದಿರಾ?

ಖಾಲಿಪಾತಿ
ಇಲ್ಲ ಅಣ್ಣ. ಆದರೆ ನವಿಲು ಚಿವುಟಿದೆ.

ಬಾಲ್ಕನಿರಾಣಿ
ಹಾಸನಾಂಬೆ ಗುಡಿಯಲ್ಲಿ ಬಾಗಿಲು ಮುಚ್ಚುವಾಗ ಇಟ್ಟ ಹೂ ಮುಂದಿನ ವರ್ಷ ತೆಗೆದಾಗಲೂ ಬಾಡಿರುವುದಿಲ್ಲ ಅಂತಾರೆ. ಈ ಸಲ ದರ್ಶನಕ್ಕೆ ಹೋದರೆ ನಿಮ್ಮ ಪಾತಿಗೂ ಒಂದು ಮಾತು ಹೇಳಿ ಬರುತ್ತೇನೆ.

ಬೆಳಗಿನಬೆಲ್
ಸಾಲು ಎಷ್ಟು ಉದ್ದ ಇದೆ ಅಂತ ನೋಡಿ ಹೊರಡಿ ಮೇಡಂ. ನೀವು ಒಳಗೆ ಹೋಗುವಷ್ಟರಲ್ಲಿ ಇವರ ಚೆಂಡು ಹೂ ಅರಳಿರುತ್ತದೆ.

ಖಾಲಿಪಾತಿ, 23 ನವೆಂಬರ್
ಮೊದಲ ಚೆಂಡು ಹೂ! ಬಿತ್ತಿ 52 ದಿನಕ್ಕೆ. ಕರ್ಣಕುಂಡಲ ಮೊಗ್ಗು. ಕಾಸ್ಮೋಸ್ ಸಪ್ಪಗಿದೆ. ಒಂದು ಕಡೆ ಮೂರು ಅಡಿ ಜಾಗ ಇನ್ನೂ ಬೋಳು, ಅಲ್ಲಿ ನೆಟ್ಟದ್ದೆಲ್ಲ ಹೋಯಿತು. ಎರಡು ವಾರದಲ್ಲಿ ಅಲ್ಲಿಗೆ ಏನಾದರೂ ಆಗುತ್ತದಾ?

ಕಾಫಿಗಿಡ
ಬೀಜದಿಂದ ಏನೂ ಆಗಲ್ಲ. ನನ್ನ ಹಿತ್ತಲ ಸೇವಂತಿಗೆ ಮೊಗ್ಗಾಗಿದೆ. ಬೇರು ಸಮೇತ, ಮಣ್ಣುಂಡೆ ಸಮೇತ ನಾಲ್ಕು ಬುಡ ಕಿತ್ತು ಕೊಡುತ್ತೇನೆ, ಶನಿವಾರ ಪೇಟೆಗೆ ಬರುವಾಗ. ಸಂಜೆ ಹೊತ್ತು ನೆಟ್ಟು ಎರಡು ದಿನ ನೆರಳು ಮಾಡಿ. ಕುಂಡವೂ ಅಲ್ಲ, ಬಾಡಿಗೆಯೂ ಅಲ್ಲ. ಅಮ್ಮನ ಕಾನೂನಿಗೆ ತೊಂದರೆ ಇಲ್ಲ ಅಲ್ವಾ?

ಖಾಲಿಪಾತಿ
ಅಮ್ಮನನ್ನು ಕೇಳಿದೆ. "ಸೇವಂತಿಗೆ ಕೊಡುವವರಿಗೆ ಕಾಫಿ ಕುಡಿದೇ ಹೋಗಲು ಹೇಳು" ಅಂದರು.

ಹಾಳೆಟೋಪಿ
ಮೂಡಿಗೆರೆಯವರಿಗೆ ಚಿಕ್ಕಮಗಳೂರಿನಲ್ಲಿ ಕಾಫಿ. ಒಳ್ಳೆಯ ಆತಿಥ್ಯ.

ಖಾಲಿಪಾತಿ, 9 ಡಿಸೆಂಬರ್
ನಾಮಕರಣ ಮುಗಿಯಿತು. ಚೆಂಡು ಹೂ 40ರಲ್ಲಿ 34 ಉಳಿದು, ಎಲ್ಲದರಲ್ಲೂ ಹೂ ಇತ್ತು. ಕರ್ಣಕುಂಡಲ ಪಾತಿಯ ಅರ್ಧ ತಾನೇ ತುಂಬಿಸಿತು, ಗುಲಾಬಿ ಬಣ್ಣ. ಜಿನ್ನಿಯಾ ಹನ್ನೊಂದು ಗಿಡ ಚೆನ್ನಾಗಿ ಬಂದವು, ಉಳಿದವುಗಳ ಎಲೆ ಬೂದಿ ಬಳಿದ ಹಾಗೆ, ಹೂ ಮಾತ್ರ ಪರವಾಗಿಲ್ಲ. ಕಾಸ್ಮೋಸ್ ಹಿಂದಿನ ದಿನದ ಗಾಳಿಗೆ ಮಲಗಿತು, ಕೋಲು ಕೊಟ್ಟು ನಿಲ್ಲಿಸಿದೆ. ಸೇವಂತಿಗೆ ಅರ್ಧ ಅರಳಿತ್ತು. ಫೋಟೋ ಹಾಕೋಣ ಅಂದರೆ ಒಂದರಲ್ಲೂ ಪಾತಿ ಕಾಣುವುದಿಲ್ಲ. ನೆಂಟರೆಲ್ಲ ಅದರ ಮುಂದೇ ಸಾಲಾಗಿ ನಿಂತಿದ್ದಾರೆ.

ಬೆಳಗಿನಬೆಲ್
ಮಗುವಿನ ಹೆಸರೇನು?

ಖಾಲಿಪಾತಿ
ಅದರ ಬಗ್ಗೆ ಮನೆಯಲ್ಲಿ ಇನ್ನೂ ಚರ್ಚೆ ನಡೆದಿದೆ. ಕಿವಿಯಲ್ಲಿ ಹೇಳಿದ್ದು ಒಂದು, ಅಕ್ಕ ಕರೆಯುತ್ತಿರುವುದು ಇನ್ನೊಂದು.

ತೆಂಗಿನಗರಿ
ಉಳಿದ ಡೇರೆ ಗೆಡ್ಡೆ ತೆಗೆದಿಟ್ಟಿರಾ?

ಖಾಲಿಪಾತಿ
ಐದು ಸಿಕ್ಕವು. ಮರಳು, ಬೂದಿ ಬೆರೆಸಿ ಅಟ್ಟದಲ್ಲಿ ಇಟ್ಟಿದ್ದೇನೆ. ಎಲ್ಲವೂ ಕೆಂಪು ಇರಬೇಕು.

ಹಾಳೆಟೋಪಿ
ನನ್ನ ಹತ್ತಿರ ಬಿಳಿ, ನೇರಳೆ ಇವೆ. ಯುಗಾದಿ ಆದ ಮೇಲೆ ಬಸ್ಸಿನಲ್ಲಿ ಕಳಿಸುತ್ತೇನೆ, ಕಂಡಕ್ಟರ್ ಪರಿಚಯದವರು. ಬದಲಿಗೆ ಕರ್ಣಕುಂಡಲ ಬೀಜ ಕೊಡಿ.

ಬಾಲ್ಕನಿರಾಣಿ
ಬಿಳಿ ಡೇರೆ ಎರಡು ಗೆಡ್ಡೆ ನನಗೂ. ಬಾಲ್ಕನಿಯಲ್ಲಿ ನೀರು ನಿಲ್ಲುವುದಿಲ್ಲ, ನೋಡಿದ್ದೇನೆ.